ಸಮಾರ್ಯದವನೂ ತನ್ನ ದಾರಿ ಹಿಡಿದ

ಪ್ರಶ್ನೆ: ಮಂಗಳೂರಿನಲ್ಲಿ ಆಫೀಸ್ ಕೆಲಸ, ಸಂಬಳ 32 ಸಾವಿರ. ಗಂಡ ದುಬೈಯಲ್ಲಿದ್ದಾರೆ. ಚರ್ಚ್ ಗ್ರೂಪಿನಲ್ಲಿ ದಿನಾ ಮನವಿ: ಕಿಡ್ನಿ, ಕ್ಯಾನ್ಸರ್, ಆಕ್ಸಿಡೆಂಟ್. ಇಲ್ಲ ಅನ್ನಲಾಗದೆ ಹೋದ ತಿಂಗಳು ಗಂಡನಿಗೆ ಹೇಳದೆ 11 ಸಾವಿರ ಕಳಿಸಿದೆ. ಮಗನ ಪಿಯುಸಿ ಫೀಸಿಗೆ ತಂಗಿಯ ಹತ್ತಿರ ಸಾಲ ಮಾಡಬೇಕಾಯಿತು. ಮನೆಗೆಲಸದ ಅಕ್ಕ ತಮ್ಮ ಮನೆಯ ಮಾಡು (ಛಾವಣಿ) ಸೋರುತ್ತದೆಂದು 2 ಸಾವಿರ ಮುಂಗಡ ಕೇಳಿದರು, ಕೊಡಲು ಇರಲಿಲ್ಲ. ಈಗ ಮೆಸೇಜ್ ತೆರೆಯಲೂ ಹೆದರಿಕೆ. ಲಾಜರನ ಕಥೆ ಓದಿದ ಭಾನುವಾರ ಚರ್ಚಿನ ಬಲಿಪೂಜೆಯ ಮಧ್ಯೆ ಎದ್ದು ಹೊರಗೆ ಬಂದೆ. ನಾನು ಸ್ವಾರ್ಥಿಯಾ?

ಅಲ್ಲ ಮಾರಾಯ್ರೆ. ಸ್ವಾರ್ಥಿಗಳು ಪೂಜೆ ಮುಗಿಯುವ ತನಕ ಆರಾಮಾಗಿ ಕೂತಿರುತ್ತಾರೆ. ಆದರೆ ನಿಮ್ಮ ಪತ್ರದಲ್ಲಿ ನಾನು ನಿಂತುಬಿಟ್ಟದ್ದು ಸೋರುವ ಮಾಡಿನ ಆ ಒಂದು ಸಾಲಿನಲ್ಲಿ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ.

ಯೇಸು ಹೇಳಿದ ಲಾಜರನ ಕಥೆ ಇನ್ನೊಮ್ಮೆ ಓದಿ: ಬಡವ ಲಾಜರನನ್ನು ಹಸಿವಿನಲ್ಲೇ ಬಿಟ್ಟ ಶ್ರೀಮಂತ ಸತ್ತ ಮೇಲೆ ನರಕಕ್ಕೆ ಬೀಳುತ್ತಾನೆ. ಊರಿನ ಬಡವರಿಗೆಲ್ಲ ಕೊಡಲಿಲ್ಲ ಎಂದು ಆ ಶ್ರೀಮಂತನ ಮೇಲೆ ಯಾರೂ ತಪ್ಪು ಹೊರಿಸಿಲ್ಲ. ಲಾಜರ ಬಿದ್ದಿದ್ದು ಅವನದೇ ಮನೆಯ ಗೇಟಿನ ಹತ್ತಿರ. ಬಡವನಿಗೆ ಕಥೆಯಲ್ಲಿ ಹೆಸರುಂಟು, ಶ್ರೀಮಂತನಿಗೆ ಅದೂ ಇಲ್ಲ. ನಿಮ್ಮ ಗೇಟಿನಲ್ಲಿ ಇರುವುದು ಯಾರು? ದಿನಾ ಬೆಳಿಗ್ಗೆ ಅದನ್ನು ತೆಗೆದು ಒಳಗೆ ಬರುವವರೇ ಅಲ್ವಾ?

ಇನ್ನು ಯೇಸುವಿನ ಇನ್ನೊಂದು ಕಥೆಯ ಒಳ್ಳೆಯ ಸಮಾರ್ಯದವನು. ಯೆರಿಕೋ ದಾರಿಯಲ್ಲಿ ಕಳ್ಳರು ಹೊಡೆದು ಹಾಕಿದ್ದ ಗಾಯಾಳುವನ್ನು ಛತ್ರಕ್ಕೆ ತಂದ, ರಾತ್ರಿ ಆರೈಕೆ ಮಾಡಿದ, ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ, ಬೈಬಲಿನ ದ್ರಾಕ್ಷಿತೋಟದ ಕೂಲಿಗಳ ಕಥೆಯಲ್ಲೂ ಅದೇ ರೇಟು. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದ. ಅಂದರೆ ಅವನಿಗೂ ಹೋಗಲಿಕ್ಕಿತ್ತು! ಯೆರಿಕೋ ದಾರಿಯಲ್ಲೇ ಕೂತು ಇನ್ನು ಯಾರು ಬಿದ್ದಿದ್ದಾರೆ ಎಂದು ಹುಡುಕಲಿಲ್ಲ.

32 ಸಾವಿರಕ್ಕೆ ಎರಡು ದಿನದ ಸಂಬಳ 2,100 ಚಿಲ್ಲರೆ. ಇದು ಬೈಬಲಿನ ಕಾನೂನಲ್ಲ, ನನ್ನ ಲೆಕ್ಕ, ನಿಮಗೆ ಬೇರೆ ಸರಿ ಕಂಡರೆ ಅದೇ ಆಗಲಿ. ಸಂಬಳ ಬಂದ ದಿನವೇ ತೆಗೆದಿಡಿ. ಬೈಬಲಿನಲ್ಲಿ ಸಂತ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಪತ್ರ ಬರೆದು ಹೇಳಿದ್ದೂ ಅದನ್ನೇ, ವಾರದ ಮೊದಲ ದಿನ ಅವರವರ ಆದಾಯಕ್ಕೆ ತಕ್ಕಷ್ಟು ತೆಗೆದಿಡಿ, ನಾನು ಬಂದ ಮೇಲೆ ವಸೂಲಿ ಬೇಡ ಎಂದು. ಎರಡನೇ ಪತ್ರದಲ್ಲಿ ಇನ್ನೂ ಬಿಡಿಸಿ ಹೇಳಿದ: ಬೇರೆಯವರಿಗೆ ಆರಾಮ ಆಗಲಿಕ್ಕೆ ನಿಮಗೆ ಕಷ್ಟ ಆಗಲಿ ಎನ್ನುವುದಲ್ಲ. ನೀವು ಕಳಿಸಿದ ಹಣದಲ್ಲಿ ಒಂದು ಪಾಲು ಕೊಟ್ಟದ್ದು ನಿಮ್ಮ ತಂಗಿ, ಪಾಪ, ಅವರನ್ನು ಯಾರೂ ಕೇಳಿಯೂ ಇಲ್ಲ.

ಮೊದಲ ತಿಂಗಳ ದುಡ್ಡು ಮಾಡಿಗೆ ಹೋಗಲಿ. ಮುಂಗಡ ಅಂತ ಬೇಡ, ಹಾಗೇ ಕೊಡಿ.

ನಾನೂ ಒಮ್ಮೆ ಮಗುವಿನ ಫೋಟೋ ನೋಡಿ 3 ಸಾವಿರ ಹಾಕಿದ್ದೆ. ಆ ಮೆಸೇಜ್ ಎರಡು ವರ್ಷದಿಂದ ತಿರುಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಮೊದಲು ಕೇಳುತ್ತೇನೆ: ಚರ್ಚಿನ ಯಾವ ವಾರ್ಡಿನವರು, ಆ ವಾರ್ಡಿನ ಮುಖಂಡ ಗುರ್ಕಾರರಿಗೆ ಗೊತ್ತುಂಟಾ, ಆಯುಷ್ಮಾನ್ ಕಾರ್ಡ್ ಆಗಿದೆಯಾ? ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಅದರಲ್ಲಿ ಉಂಟು. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದು ಗೊತ್ತಿಲ್ಲದೆ ಸಾಲಕ್ಕೆ ಬಿದ್ದವರನ್ನು ನೋಡಿದ್ದೇನೆ. ಅರ್ಧ ದಿನ ರಜೆ ಹಾಕಿ ಅವರ ಜೊತೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಹೋಗಿ ನಿಂತರೆ ನೀವು ಕಳಿಸುವ 500 ರೂಪಾಯಿಗಿಂತ ಜಾಸ್ತಿ ಉಪಕಾರ.

ಛತ್ರದವರೂ ಇದ್ದಾರೆ. ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ 1833ರಲ್ಲಿ ಪ್ಯಾರಿಸಿನಲ್ಲಿ ಶುರುವಾದದ್ದೇ ಬಡವರ ಮನೆಗೆ ಹೋಗಿ ನೋಡಿ ಸಹಾಯ ಮಾಡಲಿಕ್ಕೆ. ನಿಮ್ಮ ಚರ್ಚಿನಲ್ಲಿ ಇದ್ದರೆ ತಿಂಗಳಿಗಿಷ್ಟು ಅಂತ ಅವರ ಕೈಗೆ ಕೊಡಿ. ಉಳಿದವರಿಗೆ "ಈ ತಿಂಗಳದ್ದು ಮುಗಿಯಿತು, ಕ್ಷಮಿಸಿ" ಎಂದರೆ ಸಾಕು. ಪ್ರಾರ್ಥಿಸುತ್ತೇನೆ ಎಂದು ಬರೆದರೆ ನಿಜವಾಗಿ ಪ್ರಾರ್ಥಿಸಿ, ಅದನ್ನು ಈಗ ಎಲ್ಲರೂ ಬಾಯಿಮಾತಿಗೆ ಟೈಪ್ ಮಾಡುತ್ತಾರೆ.

ಇವತ್ತು ರಾತ್ರಿ ಗಂಡನಿಗೆ 11 ಸಾವಿರದ ವಿಷಯ ಹೇಳಿಬಿಡಿ. ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬದ) ಹೊಸ ತೆನೆಯ ನಾಲ್ಕು ಕಾಳನ್ನೂ ಕವರಿಗೆ ಹಾಕಿ ಪರದೇಶಕ್ಕೆ ಕಳಿಸುವವರು ನಾವು, ಇದನ್ನು ಮುಚ್ಚಿಡುವುದು ಯಾಕೆ? ಬೈದರೆ ಬೈಯಲಿ. ತಂಗಿಯ ಸಾಲ ತೀರುವ ತನಕ ಆ ಗ್ರೂಪನ್ನು ಮ್ಯೂಟ್ ಮಾಡಿಡಿ, ಅದಕ್ಕೆ ಪಾಪನಿವೇದನೆ ಬೇಕಾಗಿಲ್ಲ.