ಮೋಷನ್ ಕಂಟ್ರೋಲ್ ಗೇಮ್ ನಿಜಕ್ಕೂ ಆರಾಮಾ, ಇಲ್ಲ ಎರಡು ದಿನದ ಹುಚ್ಚಾ?

ಕೈ ಬೀಸಿ, ಫೋನ್ ವಾಲಿಸಿ ಆಡುವ ಗೇಮ್‌ಗಳು ಬೇಗ ಬೇಜಾರಾಗುತ್ತವಾ, ಕೈ ನೋಯುತ್ತಾ ಅಂತ ಕೇಳಿದ್ದೀರಿ. ಮಣಿಕಟ್ಟು ಒಂಚೂರು ತಿರುಗಿಸಿದರೆ ಸಾಕು ಅನ್ನುವಂಥ ಗೇಮ್ ನನಗೆ ಇವತ್ತಿಗೂ ಬೇಜಾರಾಗಿಲ್ಲ. ಇಡೀ ತೋಳು ಬೀಸುವ ಗೇಮ್‌ಗೆ ಮಾತ್ರ ಜೊತೆಗೆ ಜನ ಬೇಕು.

ದುಡ್ಡು ಹಾಕುವ ಮೊದಲು ಫೋನಿನಲ್ಲೇ ನೋಡಿ. ಗುಂಡು ಹಾರಿಸಿ ಆಡುವ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಗೈರೋಸ್ಕೋಪನ್ನು, ಅಂದರೆ ಫೋನ್ ಎತ್ತ ತಿರುಗಿತು ಅಂತ ಗುರುತಿಸುವ ಸೆನ್ಸರನ್ನು, 'ಸ್ಕೋಪ್ ಆನ್' ಮಾಡಿ. ಸುತ್ತ ತಿರುಗೋಕೆ ಹೆಬ್ಬೆರಳು, ಸ್ಕೋಪ್ (ಬಂದೂಕಿನ ದುರ್ಬೀನು) ತೆರೆದ ಮೇಲೆ ಗುರಿ ಸರಿಮಾಡೋಕೆ ಮಣಿಕಟ್ಟು. ಗುಂಡು ಹಾರುತ್ತಾ ಬಂದೂಕಿನ ಮೂತಿ ಮೇಲೇಳುತ್ತೆ ಅಲ್ವಾ, ಆಗ ಫೋನಿನ ಮೇಲಂಚನ್ನು ಸ್ವಲ್ಪ ಮುಂದಕ್ಕೆ ವಾಲಿಸಿದರೆ ಗುರಿ ಕೆಳಗಿಳಿಯುತ್ತೆ. ಬೆರಳು ಪರದೆ ಮೇಲೆ ಎಳೆದಾಡುವ ಕಷ್ಟವೇ ಇಲ್ಲ. ಕೈ ಅಂದುಕೊಂಡಿದ್ದನ್ನು ಗೇಮ್ ಅಲ್ಲೇ ಮಾಡಿಬಿಡುತ್ತಲ್ಲ, ಆ ಖುಷಿ ನನಗೆ ಬೇರೆ ಯಾವ ಕಂಟ್ರೋಲ್‌ನಲ್ಲೂ ಸಿಕ್ಕಿಲ್ಲ.

ಆದರೆ ಕೂತ ಜಾಗ ಅಲುಗಾಡಬಾರದು. ನಮ್ಮ ಹಾಸನದಿಂದ ಮಂಗಳೂರಿಗೆ ಹೋಗುವಾಗ ಸಕಲೇಶಪುರ ದಾಟುತ್ತಿದ್ದ ಹಾಗೆ ನಾನು ಗೈರೋ ಆಫ್ ಮಾಡುತ್ತೇನೆ. ತಿರುಗಿದ್ದು ನಮ್ಮ ಕೈಯೋ ಬಸ್ಸೋ ಅಂತ ಆ ಸೆನ್ಸರ್‌ಗೆ ಗೊತ್ತಾಗಲ್ಲ. ಶಿರಾಡಿ ಘಾಟಿಯ ಒಂದೊಂದು ತಿರುವಿಗೂ ಗುರಿ ತಾನಾಗೇ ಪಕ್ಕಕ್ಕೆ ಸರಿಯುತ್ತೆ.

ಇನ್ನು ಬೀಸುವ ಗೇಮ್. 2006ರಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೋ ವೀ ಬಂದಾಗ ಅದರ ರಿಮೋಟಿನಲ್ಲಿ ಗೈರೋಸ್ಕೋಪ್ ಇರಲಿಲ್ಲ, ಕೈ ಎಷ್ಟು ಜೋರಾಗಿ ಅಲುಗಿತು ಅಂತ ಅಳೆಯುವ ಅಕ್ಸೆಲೆರೋಮೀಟರ್ ಮಾತ್ರ. ಗೈರೋ ಇರುವ, ರಿಮೋಟಿಗೆ ಸಿಕ್ಕಿಸುವ ಮೋಷನ್ ಪ್ಲಸ್ ಬಂದಿದ್ದು 2009ರಲ್ಲಿ. ಹಾಗಾಗಿ ವೀ ಸ್ಪೋರ್ಟ್ಸ್ ಟೆನಿಸ್‌ಗೆ ತೋಳು ಬೀಸಲೇಬೇಕು ಅಂತಿಲ್ಲ, ಮಣಿಕಟ್ಟು ಝಾಡಿಸಿದರೂ ಸಾಕು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಮಂಡಿನೋವಿನ ಅಜ್ಜಿ ಕುರ್ಚಿ ಬಿಟ್ಟು ಏಳದೆ ಬೌಲಿಂಗ್ ಆಡುತ್ತಿದ್ದರು. ಗುಂಡಿ ಒತ್ತಿ ಹಿಡಿದು ಕೈ ಬೀಸಬೇಕು, ಚೆಂಡು ಬಿಡುವ ಹೊತ್ತಿಗೆ ಗುಂಡಿ ಬಿಡಬೇಕು, ಅಷ್ಟೇ. ಅದನ್ನು ಅವರಿಗೆ ಯಾರೂ ಎರಡನೇ ಸಲ ಹೇಳಿಕೊಡಬೇಕಾಗಲಿಲ್ಲ. ಗೇಮ್ ಅಂದರೆ ದೂರ ಸರಿಯುವವರನ್ನೂ ಹೀಗೆ ಜೊತೆಗೆ ಕೂರಿಸಿಕೊಳ್ಳುತ್ತೆ ಅಂತಲೇ ನನಗೆ ಇದರ ಮೇಲೆ ಇಷ್ಟು ಪ್ರೀತಿ. ಒಬ್ಬರೇ ಕೂತು ಗಂಟೆಗಟ್ಟಲೆ ಆಡಿದರೆ ಭುಜ ಹಿಡಿದುಕೊಳ್ಳುತ್ತೆ. ರಿಮೋಟಿನ ಕೈಪಟ್ಟಿ ಹಾಕಿಕೊಳ್ಳದೆ ಆಡಬೇಡಿ, ನಿಂತು ಆಡುವುದಾದರೆ ತಲೆ ಮೇಲಿನ ಫ್ಯಾನ್ ಕಡೆಗೂ ಗಮನ ಇರಲಿ.

ಕಂಟ್ರೋಲರ್ ಕೊಳ್ಳುವುದಾದರೆ, ಪ್ಲೇಸ್ಟೇಷನ್‌ನ ಪಿಎಸ್4, ಪಿಎಸ್5 ಮತ್ತು ನಿಂಟೆಂಡೋದ ಸ್ವಿಚ್‌ನವುಗಳಲ್ಲಿ ಗೈರೋ ಇದೆ. ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್‌ನಲ್ಲಿ ಇಲ್ಲ. ಗೈರೋ ಇದ್ದರೂ ಎಲ್ಲ ಗೇಮ್ ಅದನ್ನು ಬಳಸುವುದಿಲ್ಲ, ಮೊದಲೇ ವಿಚಾರಿಸಿ. ಶುರುವಿನಲ್ಲಿ ಮೊಣಕೈಗಳನ್ನು ತೊಡೆ ಮೇಲೆ ಊರಿ ಕೂತುಕೊಳ್ಳಿ. ಅವನ್ನು ಎತ್ತದೆಯೇ ಗುರಿ ಸಿಗುವ ತನಕ ಸೆನ್ಸಿಟಿವಿಟಿಯನ್ನು (ಕೈ ಇಷ್ಟು ತಿರುಗಿದರೆ ಗುರಿ ಎಷ್ಟು ಸರಿಯಬೇಕು ಅನ್ನುವ ಸೆಟ್ಟಿಂಗ್) ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ.