ಅಮೆರಿಕದ ಮಣ್ಣು ಸಂರಕ್ಷಣಾ ಜಿಲ್ಲೆಯ ಸೂಪರ್‌ವೈಸರ್‌ಗಳನ್ನು ಆರಿಸುವವರು ಯಾರು? ಅವರಿಗೆ ಸಂಬಳ ಉಂಟೇ?

ನಾರ್ತ್ ಕ್ಯಾರೊಲೈನಾದಲ್ಲಿ ಮೊದಲ ಸಲ ಮತ ಹಾಕಲು ಹೋದಾಗ ಮತಪತ್ರದ ಕೊನೆಯಲ್ಲಿ ‘ಸಾಯಿಲ್ ಅಂಡ್ ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಸೂಪರ್‌ವೈಸರ್’ ಎಂಬ ಹುದ್ದೆ ಕಂಡಿತೆಂದೂ, ಸ್ಪರ್ಧಿಗಳ ಹೆಸರಿನ ಜೊತೆಗೆ ಪಕ್ಷದ ಹೆಸರೇ ಇರಲಿಲ್ಲವೆಂದೂ ಬರೆದು, ಇವರ ಆಯ್ಕೆ ಹೇಗೆ, ಸಂಬಳ ಎಷ್ಟು ಎಂದು ಕೇಳಿದ್ದೀರಿ. ಇಲ್ಲಿ ‘ಡಿಸ್ಟ್ರಿಕ್ಟ್’ ಎಂದರೆ ನಮ್ಮ ಆಡಳಿತ ಜಿಲ್ಲೆಯಲ್ಲ; ಮಣ್ಣಿನ ಸವಕಳಿ ತಡೆದು ನೀರು ಕಾಯಲು ರೈತರಿಗೆ ನೆರವಾಗುವ ಸ್ಥಳೀಯ ಸಂಸ್ಥೆ. ನಾನೂ ಇದೇ ರಾಜ್ಯದ ನಿವಾಸಿ. ನನ್ನ ಮೊದಲ ಚುನಾವಣೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಬಂದವನು. ಬಳಿಕ ಕುತೂಹಲ ತಡೆಯಲಾರದೆ ನಮ್ಮ ಕೌಂಟಿಯ (ಊರ ಕಡೆಯ ಜಿಲ್ಲೆಯಂಥ ಆಡಳಿತ ಘಟಕ) ಸಂರಕ್ಷಣಾ ಮಂಡಳಿಯ ಕೆಲವು ಸಭೆಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕುಳಿತು ಬಂದಿದ್ದೇನೆ.

ಮೊದಲು ಸಂಬಳದ ವಿಷಯ: ಸಂಬಳ ಇಲ್ಲ. ‘ಸೂಪರ್‌ವೈಸರ್’ ಎಂದ ಕೂಡಲೇ ಕೆಲಸಗಾರರ ಮೇಲೆ ನಿಗಾ ಇಡುವ ಸಂಬಳದ ಮನುಷ್ಯ ನಮ್ಮ ಕಣ್ಣ ಮುಂದೆ ಬರುತ್ತಾನೆ. ಇಲ್ಲಿ ಆ ಪದಕ್ಕೆ ಆಡಳಿತ ಮಂಡಳಿಯ ಸದಸ್ಯ ಎಂಬುದಷ್ಟೇ ಅರ್ಥ. ಸಭೆ ಮತ್ತು ತರಬೇತಿಗಳಿಗೆ ಹೋಗಿಬಂದ ಪ್ರಯಾಣವೆಚ್ಚ ಸಿಗುತ್ತದೆ, ಕೆಲವೆಡೆ ಸಭೆಯ ದಿನಕ್ಕೆಂದು ಅಲ್ಪ ಭತ್ಯೆಯೂ ಸಿಗುತ್ತದೆ. ತಿಂಗಳ ಸಂಬಳ ಪಡೆಯುವವರು ಮಂಡಳಿಯ ಕಚೇರಿಯ ತಂತ್ರಜ್ಞರು; ಹೊಲಕ್ಕೆ ಹೋಗಿ ಇಳಿಜಾರು ಅಳೆದು, ನಕ್ಷೆ ಬರೆದು, ಕೆಲಸ ಮುಗಿದ ಮೇಲೆ ಪರಿಶೀಲಿಸುವವರು ಅವರೇ.

ಆಯ್ಕೆಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾಗಿದೆ. ರಾಜ್ಯದ 100 ಕೌಂಟಿಗಳಿಗೆ 96 ಜಿಲ್ಲೆಗಳಿವೆ. ಸಾಮಾನ್ಯವಾಗಿ ಕೌಂಟಿಗೊಂದರಂತೆ ಇದ್ದರೂ, ಈಶಾನ್ಯ ಮೂಲೆಯ ಐದು ಕೌಂಟಿಗಳು ಸೇರಿ ಆಲ್ಬಮಾರ್ಲ್ ಎಂಬ ಒಂದೇ ಜಿಲ್ಲೆಯಾಗಿವೆ. ಒಂದು ಕೌಂಟಿಯ ಜಿಲ್ಲೆಗೆ ಐವರು ಸದಸ್ಯರು. ಅವರಲ್ಲಿ ಮೂವರನ್ನು ಸಮಸಂಖ್ಯೆಯ ವರ್ಷಗಳ ಸಾರ್ವತ್ರಿಕ ಚುನಾವಣೆಯಲ್ಲಿ ಪಕ್ಷರಹಿತವಾಗಿ ಮತದಾರರು ಆರಿಸುತ್ತಾರೆ; ಉಳಿದ ಇಬ್ಬರನ್ನು, ಸ್ಥಳೀಯ ಮಂಡಳಿಯ ಶಿಫಾರಸಿನ ಮೇಲೆ, ರಾಜ್ಯದ ಮಣ್ಣು ಮತ್ತು ಜಲ ಸಂರಕ್ಷಣಾ ಆಯೋಗ ನೇಮಿಸುತ್ತದೆ. ಅವಧಿ ನಾಲ್ಕು ವರ್ಷ. ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯುವುದಿಲ್ಲವಾದ್ದರಿಂದ ಒಂದೇ ಚುನಾವಣೆಯಲ್ಲಿ ಇಡೀ ಮಂಡಳಿ ಬದಲಾಗುವ ಸಂಭವವಿಲ್ಲ. ಚುನಾವಣೆಗೆ ನಿಲ್ಲುವವರಿಗೆ ಹೊಲ ಇರಲೇಬೇಕೆಂಬ ನಿಯಮವೂ ಇಲ್ಲ, ಆ ಜಿಲ್ಲೆಯ ನೋಂದಾಯಿತ ಮತದಾರರಾಗಿದ್ದರೆ ಸಾಕು.

ಮೂವರು ಚುನಾಯಿತರು, ಇಬ್ಬರು ನೇಮಕಗೊಂಡವರು ಎಂಬ ಈ ಲೆಕ್ಕ 1930ರ ದಶಕದಲ್ಲಿ ಬರಕ್ಕೆ ಒಣಗಿದ ಹೊಲಗಳ ಮೇಲ್ಮಣ್ಣನ್ನು ಹೊತ್ತೊಯ್ದ ಧೂಳಿನ ಬಿರುಗಾಳಿಗಳ ಕಾಲದ್ದು. 1935ರಲ್ಲಿ ಕೇಂದ್ರ ಸರ್ಕಾರ ಮಣ್ಣು ಸಂರಕ್ಷಣಾ ಸೇವೆಯನ್ನು ಸ್ಥಾಪಿಸಿತಾದರೂ, ವಾಷಿಂಗ್ಟನ್ನಿನ ಅಧಿಕಾರಿಗಳು ಬಂದು ಖಾಸಗಿ ಹೊಲದಲ್ಲಿ ಹೀಗೆ ಉಳು, ಇಲ್ಲಿ ಬದು ಹಾಕು ಎಂದರೆ ರೈತರು ಕೇಳುವಂತಿರಲಿಲ್ಲ. ಆದ್ದರಿಂದ ಅಧ್ಯಕ್ಷ ರೂಸ್‌ವೆಲ್ಟ್ 1937ರ ಫೆಬ್ರವರಿಯಲ್ಲಿ ಎಲ್ಲ ರಾಜ್ಯಪಾಲರಿಗೂ ಒಂದು ಮಾದರಿ ಕಾನೂನನ್ನು ಕಳಿಸಿದರು. ಊರಿನವರೇ ಜಿಲ್ಲೆಯನ್ನು ರಚಿಸಿಕೊಂಡು ಮೂವರನ್ನು ಆರಿಸಬೇಕು, ರಾಜ್ಯದ ಸಮಿತಿ ಇಬ್ಬರನ್ನು ನೇಮಿಸಬೇಕು ಎಂಬುದು ಅದರ ತಿರುಳು. ಅದೇ ವರ್ಷ ಆಗಸ್ಟ್ 4ರಂದು ದೇಶದ ಮೊದಲ ಜಿಲ್ಲೆ, ಬ್ರೌನ್ ಕ್ರೀಕ್, ನಮ್ಮದೇ ರಾಜ್ಯದ ಆನ್ಸನ್ ಕೌಂಟಿಯಲ್ಲಿ ಆರಂಭವಾಯಿತು; ಈ ಚಳವಳಿಯ ಮೂಲಪುರುಷ ಹ್ಯೂ ಹ್ಯಾಮಂಡ್ ಬೆನೆಟ್ 1881ರಲ್ಲಿ ಹುಟ್ಟಿದ್ದೂ ಆ ಕೌಂಟಿಯಲ್ಲೇ. ಬದು, ಒಡ್ಡುಗಳ ಕೆಲಸವೆಂದರೆ ಇಲಾಖೆಯ ಅಧಿಕಾರಿಯ ದಾರಿ ಕಾಯುವುದು ಎಂದೇ ನೋಡಿ ಬೆಳೆದ, ಚಿತ್ರದುರ್ಗದ ಕಡೆಯವನಾದ ನನಗೆ ಈ ಏರ್ಪಾಡು ಮೊದಮೊದಲು ವಿಚಿತ್ರವಾಗಿಯೇ ಕಂಡಿತು.

ಸಂಬಳವಿಲ್ಲದ ಹುದ್ದೆ ಎಂದು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಹಣ ಯಾರ ಹೊಲಕ್ಕೆ ಹೋಗಬೇಕೆಂಬ ತೀರ್ಮಾನ ಈ ಐವರ ಮುಂದೆಯೇ ಆಗುತ್ತದೆ. ರಾಜ್ಯದ ‘ಕಾಸ್ಟ್ ಶೇರ್’ ಯೋಜನೆ 1984ರಿಂದ ನಡೆದುಬಂದಿದ್ದು, ಸವಕಳಿ ತಡೆಯುವ ಕೆಲಸಗಳಿಗೆ ಸರಾಸರಿ ವೆಚ್ಚದ ಶೇ. 75ರವರೆಗೆ ಸರ್ಕಾರ ಭರಿಸುತ್ತದೆ, ಉಳಿದದ್ದು ರೈತನ ಪಾಲು. ನಾನು ಹೋಗಿದ್ದ ಒಂದು ಸಭೆಯಲ್ಲಿ ಸೋಯಾ ಹೊಲವೊಂದರ ನಡುವೆ ಬಿದ್ದಿದ್ದ ಕೊರಕಲಿನ ಚಿತ್ರವನ್ನು ತಂತ್ರಜ್ಞೆ ಗೋಡೆಯ ಮೇಲೆ ತೋರಿಸಿ, ಅದನ್ನು ಅಗಲವಾದ ಹುಲ್ಲುಗಾಲುವೆಯಾಗಿ ಮಾಡಿದರೆ ಎಷ್ಟು ಖರ್ಚು ಬರುತ್ತದೆಂದು ವಿವರಿಸಿದರು. ಐವರೂ ಒಪ್ಪಿದರು, ಎರಡು ನಿಮಿಷದಲ್ಲಿ ಮುಗಿಯಿತು. ಮುಂದಿನ ಅರ್ಜಿ ಬಂದಾಗ ಮಾತ್ರ ಒಬ್ಬ ಹಿರಿಯ ಸದಸ್ಯರು ಟೋಪಿ ಎತ್ತಿಕೊಂಡು ಹೊರಗೆ ನಡೆದರು. ಅರ್ಜಿ ಅವರದೇ ಹೊಲದ್ದು. ಸದಸ್ಯರ ಸ್ವಂತ ಒಪ್ಪಂದಕ್ಕೆ ಸ್ಥಳೀಯ ಮಂಡಳಿಯ ಒಪ್ಪಿಗೆ ಸಾಲದು, ರಾಜ್ಯದ ಆಯೋಗವೂ ಅನುಮೋದಿಸಬೇಕು. ರೈತರೇ ಮಂಡಳಿಯಲ್ಲಿರಬೇಕು, ಆದರೆ ತಮಗೆ ತಾವೇ ಹಂಚಿಕೊಳ್ಳಬಾರದು ಎಂಬ ಇಕ್ಕಟ್ಟಿಗೆ ಇದು ತಕ್ಕಮಟ್ಟಿನ ಪರಿಹಾರವೆಂದು ನನ್ನ ಅಭಿಪ್ರಾಯ.

ಬೇರೆ ರಾಜ್ಯಗಳಲ್ಲಿ ಇದೇ ಪದ್ಧತಿ ಎಂದುಕೊಳ್ಳಬೇಡಿ. ವರ್ಜೀನಿಯಾದಲ್ಲಿ ನೇಮಕಗೊಳ್ಳುವ ಇಬ್ಬರಲ್ಲಿ ಒಬ್ಬರು ಕೃಷಿ ವಿಸ್ತರಣಾ ಅಧಿಕಾರಿಯಾಗಿರುತ್ತಾರೆ. ಫ್ಲಾರಿಡಾದಲ್ಲಿ ಐವರೂ ಚುನಾಯಿತರೇ. ಆದರೆ ಸ್ಪರ್ಧಿಗಳಿಗೆ ಕೃಷಿಯೊಡನೆ ನೇರ ಸಂಬಂಧ ಇರಬೇಕೆಂದು 2022ರಲ್ಲಿ ಕಾನೂನು ಬಂದಿದೆ, ಅಲ್ಲಿಯೂ ವೇತನವಿಲ್ಲ. ವಿಸ್ಕಾನ್ಸಿನ್ ಅಂತೂ 1982ರಲ್ಲಿ ಈ ಜಿಲ್ಲೆಗಳನ್ನೇ ರದ್ದುಗೊಳಿಸಿ ಕೆಲಸವನ್ನು ಕೌಂಟಿಗಳ ಸಮಿತಿಗಳಿಗೆ ಒಪ್ಪಿಸಿತು.

ನಮ್ಮ ನಾರ್ತ್ ಕ್ಯಾರೊಲೈನಾದಲ್ಲಿ ಸ್ವತಃ ನಿಲ್ಲುವ ಮನಸ್ಸಿದ್ದರೆ, ಚುನಾವಣೆಯ ವರ್ಷದ ಜೂನ್ ಎರಡನೆಯ ಸೋಮವಾರದಿಂದ ಜುಲೈ ಮೊದಲ ಶುಕ್ರವಾರದವರೆಗೆ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಉಮೇದುವಾರಿಕೆ ಸಲ್ಲಿಸಬಹುದು. ಶುಲ್ಕ 5 ಡಾಲರ್.