ಬಿಪಿಡಿ ಇರುವ ತಂಗಿಗೆ ಇಎಂಡಿಆರ್ ಮಾಡಿಸಬಹುದಾ?

ತಂಗಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಬಿಪಿಡಿ (ಭಾವನೆಗಳೂ ಸಂಬಂಧಗಳೂ ಪದೇಪದೇ ಹಿಡಿತ ತಪ್ಪುವ ಮಾನಸಿಕ ತೊಂದರೆ) ಇದೆ ಅಂತ ಡಾಕ್ಟರ್ ಹೇಳಿದ್ದಾರೆ, ಕಣ್ಣು ಆಡಿಸುವ ಇಎಂಡಿಆರ್ ಥೆರಪಿಯಿಂದ ವಾಸಿಯಾಗುತ್ತಾ, ವಿಡಿಯೊ ನೋಡಿಕೊಂಡು ಮನೆಯಲ್ಲೇ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ದಯವಿಟ್ಟು ಬೇಡ. ಥೆರಪಿಸ್ಟ್ ಹತ್ತಿರ ಮಾಡಿಸಿದರೆ ಸಹಾಯ ಆಗಬಹುದು, ಆದರೆ ಅದೊಂದೇ ಸಾಲದು. ನನಗೂ ಬಿಪಿಡಿ ಇದೆ. ಮೊದಲು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಚಿಕಿತ್ಸೆ), ಆಮೇಲೆ ಇಎಂಡಿಆರ್, ಎರಡನ್ನೂ ಮಾಡಿಸಿಕೊಂಡಿದ್ದೇನೆ. ಡಾಕ್ಟರ್ ಅಲ್ಲ, ಆ ಕುರ್ಚಿಯಲ್ಲಿ ಕೂತವಳಾಗಿ ಹೇಳುತ್ತಿದ್ದೇನೆ.

ಇಎಂಡಿಆರ್ ಹುಟ್ಟಿದ್ದು ಬಿಪಿಡಿಗಾಗಿ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1987ರ ಸುಮಾರಿಗೆ ಇದನ್ನು ರೂಪಿಸಿ, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. ಉದ್ದೇಶ ಕಾಡುವ ನೆನಪುಗಳ ಚಿಕಿತ್ಸೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದೂ ಪಿಟಿಎಸ್‌ಡಿಗೆ, ಅಂದರೆ ಆಘಾತದ ನಂತರ ಉಳಿದು ಕಾಡುವ ಮಾನಸಿಕ ತೊಂದರೆಗೆ. ಬಿಪಿಡಿಗೆ ಜಾಸ್ತಿ ಆಧಾರ ಇರುವುದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಕಟ್ಟಿದ ಡಿಬಿಟಿಯಂಥ ಚಿಕಿತ್ಸೆಗಳಿಗೆ.

ಹಾಗಾದರೆ ಎರಡಕ್ಕೂ ನಂಟು ಎಲ್ಲಿ? ಬಿಪಿಡಿ ಇರುವ ತುಂಬ ಜನರಿಗೆ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಇಲ್ಲವೇ ಯಾರೂ ಕೇಳುವವರಿಲ್ಲದ ಸ್ಥಿತಿ ಇರುತ್ತದೆ. ಎಲ್ಲರಿಗೂ ಅಲ್ಲ, ಇದನ್ನು ಮರೆಯಬೇಡಿ. ಆದರೆ ಇದ್ದವರಲ್ಲಿ ಈಗಿನ ಸಣ್ಣ ಘಟನೆಯೂ ಹಳೆಯದನ್ನು ಎಬ್ಬಿಸುತ್ತದೆ. ನನ್ನ ವಿಷಯದಲ್ಲಿ ಅದು ಫೋನು. ಗಂಡ ಮೆಸೇಜ್ ಓದಿಯೂ ಉತ್ತರ ಕೊಡದಿದ್ದರೆ ಹತ್ತೇ ನಿಮಿಷದಲ್ಲಿ ಕೈ ನಡುಗುತ್ತಿತ್ತು. ಬಿಟ್ಟು ಹೋದ ಅನ್ನಿಸಿ, ಹದಿನೈದು ಸಲ ಕಾಲ್ ಮಾಡಿ, ಆಮೇಲೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಥೆರಪಿಸ್ಟ್ ಜೊತೆ ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು, ಆರೇಳು ವರ್ಷದವಳಿದ್ದಾಗ ರಾತ್ರಿ ನನ್ನನ್ನು ಜಗಲಿಗೆ ಹಾಕಿ ಬಾಗಿಲ ಚಿಲಕ ಜಡಿದಿದ್ದು.

ಸೆಷನ್ ಹೀಗಿರುತ್ತದೆ. ಆ ನೆನಪಿನ ಅತಿ ಕೆಟ್ಟ ಚಿತ್ರ ಯಾವುದು, ಆಗ ನಿಮ್ಮ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂತ ಕೇಳುತ್ತಾರೆ. ನನ್ನ ಉತ್ತರ, ‘ನಾನು ಯಾರಿಗೂ ಬೇಡ’. ಸಂಕಟ 0ರಿಂದ 10ರೊಳಗೆ ಎಷ್ಟು, ಮೈಯಲ್ಲಿ ಎಲ್ಲಿ? ಗಂಟಲಲ್ಲಿ, 9. ಆಮೇಲೆ ಅವರ ಬೆರಳು ಎಡಕ್ಕೆ, ಬಲಕ್ಕೆ ಓಡುತ್ತದೆ. ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಅರ್ಧ ನಿಮಿಷದ ನಂತರ ನಿಲ್ಲಿಸಿ, ‘ಈಗ ಏನು ಬರ್ತಿದೆ?’ ಅನ್ನುತ್ತಾರೆ. ಹೇಳಿದ್ದಕ್ಕೆ ವ್ಯಾಖ್ಯಾನವಿಲ್ಲ. ‘ಸರಿ, ಅದನ್ನೇ ಗಮನಿಸಿ’ ಅಂತ ಮತ್ತೆ ಬೆರಳು. ನನಗೆ ಮೊದಲು ಚಿಲಕದ ಸದ್ದು ಬಂತು, ಆಮೇಲೆ ಸಿಟ್ಟು, ಆಮೇಲೆ ಎಷ್ಟೋ ವರ್ಷ ನೆನಪಾಗದ ಪಕ್ಕದ ಮನೆ ಅಜ್ಜಿ, ನನಗೆ ಕಂಬಳಿ ತಂದು ಹೊದಿಸಿದ್ದು. ಆ ನೆನಪು ಈಗಲೂ ಇದೆ. ಗಂಟಲು ಮಾತ್ರ ಕಟ್ಟುವುದಿಲ್ಲ.

ನೆನಪನ್ನೂ ಹಿಡಿದುಕೊಂಡು ಬೆರಳನ್ನೂ ನೋಡುವಾಗ ಮಿದುಳಿನ ಗಮನ ಹಂಚಿಹೋಗಿ, ನೆನಪಿನ ತೀವ್ರತೆ ಇಳಿಯುತ್ತದೆ ಅನ್ನುವುದು ಒಂದು ವಿವರಣೆ. ಕಣ್ಣಿನ ಚಲನೆ ನಿಜಕ್ಕೂ ಬೇಕಾ ಅನ್ನುವ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ವ್ಯಕ್ತಿತ್ವದ ತೊಂದರೆ ಇರುವವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ಅಧ್ಯಯನಗಳಾಗಿವೆ, ಫಲ ಒಳ್ಳೆಯದೇ. ಆದರೂ ಡಿಬಿಟಿಗೆ ಇರುವಷ್ಟು ಆಧಾರ ಇನ್ನೂ ಇಲ್ಲ.

ನನಗಂತೂ ಸೆಷನ್‌ಗಿಂತ ಕಷ್ಟವಾಗಿದ್ದು ಅದರ ನಂತರದ ರಾತ್ರಿ. ಕೆಟ್ಟ ಕನಸು, ಕಾರಣವಿಲ್ಲದ ಅಳು, ನನಗೆ ನಾನೇ ನೋವು ಮಾಡಿಕೊಳ್ಳುವ ಹಳೇ ತುಡಿತ. ಆಗ ಕೈಹಿಡಿದಿದ್ದು ಡಿಬಿಟಿಯಲ್ಲಿ ಕಲಿತಿದ್ದೇ. ಬೋಗುಣಿಯಲ್ಲಿ ತಣ್ಣೀರು ಹಾಕಿ, ಉಸಿರು ಹಿಡಿದು, ಸ್ವಲ್ಪ ಹೊತ್ತು ಮುಖ ಅದ್ದುವುದು. ಎದೆಬಡಿತ ನಿಧಾನವಾಗಿ ಯೋಚನೆ ಮಾಡುವಷ್ಟು ಬಿಡುವು ಸಿಗುತ್ತದೆ. (ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.) ವಿಡಿಯೊ ಬೇಡ ಅಂದಿದ್ದೂ ಇದಕ್ಕೇ. ವಿಡಿಯೊ ನೆನಪನ್ನು ಕೆದಕುತ್ತದೆ, ತಂಗಿ ಮಂಕಾಗಿ ಶೂನ್ಯ ನೋಡುತ್ತಾ ಕೂತರೆ ಅವಳನ್ನು ವಾಪಸ್ ಕರೆತರಲು ಅದಕ್ಕೆ ಗೊತ್ತಿಲ್ಲ.

ವರ್ಷಗಟ್ಟಲೆ ತಯಾರಿ ಆಗದೆ ನೆನಪು ಮುಟ್ಟಲೇಬಾರದು ಅಂತ ಮೊದಲು ಹೇಳುತ್ತಿದ್ದರು. ಈಗ ಅಷ್ಟು ಕಾಯಬೇಕಿಲ್ಲ ಅನ್ನುವ ತಜ್ಞರೂ ಇದ್ದಾರೆ. ನನ್ನ ಅಭಿಪ್ರಾಯ, ಆ ರಾತ್ರಿಯನ್ನು ದಾಟುವಷ್ಟು ತಯಾರಿ ಬೇಕು. ಥೆರಪಿಸ್ಟ್‌ಗೆ ಮೊದಲ ಭೇಟಿಯಲ್ಲೇ ಕೇಳಿ: ‘ಸೆಷನ್ ಆದ ರಾತ್ರಿ ಇವಳಿಗೆ ತಡೆಯಲಾಗದಿದ್ದರೆ ಏನು ಮಾಡಬೇಕು? ಯಾರಿಗೆ ಫೋನ್ ಮಾಡಬೇಕು?’ ಸರಿಯಾದ ಉತ್ತರ ಬರದಿದ್ದರೆ ಅಲ್ಲಿ ಶುರು ಮಾಡಬೇಡಿ. ಅವರು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟಾ, ಇಎಂಡಿಆರ್ ತರಬೇತಿ ಬೇರೆ ಪಡೆದಿದ್ದಾರಾ, ಬಿಪಿಡಿ ಇರುವವರನ್ನು ನೋಡಿ ಅಭ್ಯಾಸ ಇದೆಯಾ ಅಂತಲೂ ವಿಚಾರಿಸಿ. ನಡೆಯುತ್ತಿರುವ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನೊಂದು ಮಾತು. ಅವಳಿಗೆ ಏನಾಗಿತ್ತು ಅಂತ ಮನೆಯಲ್ಲಿ ಕೂರಿಸಿಕೊಂಡು ಕೇಳಬೇಡಿ. ಹೇಳಬೇಕು ಅನ್ನಿಸಿದಾಗ ಅವಳೇ ಹೇಳುತ್ತಾಳೆ. ಇಎಂಡಿಆರ್‌ನಲ್ಲಿ ಥೆರಪಿಸ್ಟ್‌ಗೂ ಪೂರ್ತಿ ವಿವರ ಹೇಳಲೇಬೇಕು ಅಂತಿಲ್ಲ, ಇದನ್ನು ಅವಳಿಗೆ ತಿಳಿಸಿ. ಎಷ್ಟೋ ಜನ ಆ ಹೆದರಿಕೆಗೇ ಹಿಂದೆ ಸರಿಯುತ್ತಾರೆ. ಥೆರಪಿ ಶುರುವಾಗುವ ಮೊದಲೇ ಪರಿಸ್ಥಿತಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ ಫೋನಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.